ಅರ್ಧ ಸ್ವರ ಕೆಳಗೆ

ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ನನಗೆ ಗೊತ್ತಾದಾಗ ನಾನು ಕುದುರೆಯಂತೆ ತುಟಿ ಅದುರಿಸುತ್ತ, ಎರಡೂ ಕೈ ಅಗಲಿಸಿಕೊಂಡು ಸಂಗೀತದ ಕೋಣೆಯ ತುಂಬ ಸುತ್ತುತ್ತಿದ್ದೆ. ಮಧ್ಯಾಹ್ನದ ಮೊದಲ ಪೀರಿಯಡ್ಡಿಗೆ ಏಳನೇ ತರಗತಿಯ ಮಕ್ಕಳು ಬರುವ ಮುಂಚೆ ಗಂಟಲನ್ನು ಎಚ್ಚರಿಸಲು ನಾನು ಮಾಡುವ ಕಸರತ್ತು ಅದು. ಬುರ್ರ್ ಎಂಬ ಸದ್ದು ಕೆಳಗಿನಿಂದ ಮೇಲಕ್ಕೆ ಹೋಗಿ ಮತ್ತೆ ಇಳಿಯಬೇಕು. ಇಳಿಯುವ ಹೊತ್ತಿಗೆ ಸರಿಯಾಗಿ ಅವನ ಮಾತು ಕೇಳಿಸಿತು.

"ಡಾಕ್ಟರನ್ನ ಕರೀಬೇಕಾ?"

ಉದ್ದನೆಯ ಮನುಷ್ಯ. ಹೆಗಲಲ್ಲಿ ಕಪ್ಪು ಚೀಲ. ನಗುತ್ತಿರಲಿಲ್ಲ, ನಕ್ಕಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಕೀಬೋರ್ಡಿನ ಪೆಡಲ್ ಕಿರುಗುಟ್ಟುತ್ತಿದೆ, ಯಾರನ್ನಾದರೂ ಕಳಿಸಿ ಎಂದು ಆಫೀಸಿಗೆ ಹೇಳಿ ಹೇಳಿ ಸಾಕಾಗಿತ್ತು. ಅಂತೂ ಕಳಿಸಿದರಲ್ಲ ಎಂದುಕೊಂಡೆ.

"ಅಲ್ಲಿದೆ ನೋಡಿ ಕೀಬೋರ್ಡು. ಸ್ವಲ್ಪ ಬೇಗ ಮಾಡ್ಕೊಡಿ, ಮಕ್ಕಳು ಬರೋ ಹೊತ್ತಾಯ್ತು. ನೆಲದ ಮೇಲೆ ಎಣ್ಣೆ ಗಿಣ್ಣೆ ಚೆಲ್ಲಬೇಡಿ."

ಅವನು ನನ್ನನ್ನು ನೋಡಿದ. ಎಡ ಹುಬ್ಬು ಮಾತ್ರ ನಿಧಾನವಾಗಿ ಮೇಲೇರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಏನೋ ತೀರ್ಮಾನ ಮಾಡಿಕೊಂಡಂತೆ ಇಳಿಯಿತು. ಮಂಡಿಯೂರಿ ಕೂತು ಪೆಡಲ್ ಬಿಚ್ಚಿದ, ಏನನ್ನೋ ಒರೆಸಿದ, ಮತ್ತೆ ಕೂಡಿಸಿದ. ಆಮೇಲೆ ಸ್ಟೂಲಿನ ಮೇಲೆ ಕೂತು ನುಡಿಸತೊಡಗಿದ. ಆ ಹಳೆಯ ಕೀಬೋರ್ಡಿನೊಳಗೆ ಅಷ್ಟು ಮೆತ್ತನೆಯ ಸದ್ದು ಅಡಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

"ರಿಪೇರಿ ಮುಗೀತು," ಎಂದ, ಕೈ ನಿಲ್ಲಿಸದೆ. "ನಿಮ್ಮ ಕೋರಸ್‌ಗೆ ನುಡಿಸೋಕೆ ಅಂತ ನನ್ನ ಕರೆಸಿದ್ದಾರೆ. ಎಣ್ಣೆ ಗಿಣ್ಣೆ ತಂದಿಲ್ಲ, ಹೆದರ್ಕೋಬೇಡಿ."

ಕ್ಷಮೆ ಕೇಳಬೇಕಿತ್ತು. ಕೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಮಕ್ಕಳು ನುಗ್ಗಿ ಬಂದರು. ಕ್ಷಮೆ ಒಳಗೇ ಉಳಿಯಿತು.

ಸಂಜೆ ಹೆಡ್‌ಮೇಡಂ ಇಬ್ಬರನ್ನೂ ಕರೆದು ವಿಷಯ ಹೇಳಿದರು. ಮುಂದಿನ ವರ್ಷದಿಂದ ಸಂಗೀತಕ್ಕೆ ಕಾಯಂ ಹುದ್ದೆ ಮಂಜೂರಾಗಿದೆ. ಒಂದೇ ಒಂದು. ನಾನಿಲ್ಲಿ ತಾತ್ಕಾಲಿಕ ಟೀಚರ್. ಅವನು ಮಧ್ಯಾಹ್ನದ ಮೇಲೆ ಮಾತ್ರ ಬರುವವನು.

"ಇಬ್ಬರ ಕೆಲಸಾನೂ ನೋಡಿ ಆಮೇಲೆ ಹೇಳ್ತೀವಿ. ಅಲ್ಲೀತನಕ ಮಕ್ಕಳ ಮುಂದೆ ಕಚ್ಚಾಡಬೇಡಿ," ಎಂದರು ಮೇಡಂ. ನಾವು ಕಚ್ಚಾಡುತ್ತೇವೆಂದು ಅವರಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತೋ.

ಇಬ್ಬರ ಓದಿನ ವಿವರವನ್ನೂ ಅಲ್ಲೇ ಗಟ್ಟಿಯಾಗಿ ಓದಿದರು. ಅವನು ಸಂಗೀತ ಕಾಲೇಜಿನಲ್ಲಿ ಓದಿದವನು. ನಾನು ಹಗಲಿಡೀ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗಿ, ಸಂಜೆ ಕ್ಲಾಸಿನಲ್ಲಿ ಆಕಳಿಕೆ ತಡೆಯುತ್ತ ಸ್ವರ ಕಲಿತವಳು. ಈಗಲೂ ಮಕ್ಕಳ ಕ್ಲಾಸಿಗೆ ಹೋಗುವ ಮುಂಚೆ ಪಾಠವನ್ನು ಮನೆಯಲ್ಲಿ ಅಕ್ಕನ ಮುಂದೆ ಪೂರ್ತಿ ಒಪ್ಪಿಸಿ ನೋಡುತ್ತೇನೆ. ಎಲ್ಲೋ ಒಂದು ಕಡೆ ಯಾರೋ ಎದ್ದು ನಿಂತು, ಇವಳಿಗೆ ಏನೂ ಬರುವುದಿಲ್ಲ ಎಂದು ಹೇಳಿಬಿಡುತ್ತಾರೆಂಬ ಭಯ ನನಗೆ ಯಾವಾಗಲೂ ಇದ್ದೇ ಇತ್ತು. ಆ ಯಾರೋ ಈಗ ಸ್ಟೂಲ್ ಎಳೆದುಕೊಂಡು ನನ್ನ ಕೋಣೆಯಲ್ಲೇ ಕೂತಿದ್ದ.

ಮಕ್ಕಳು ಅವನಿಗೆ ಗಂಟುಮೋರೆ ಸರ್ ಎಂದು ಹೆಸರಿಟ್ಟರು. ನನಗೆ ಮೊದಲೇ ಬಾಯ್ಬಿಡಿ ಮಿಸ್ ಎಂಬ ಹೆಸರಿತ್ತು. ಹಾಡಿಸುವಾಗ ನಾನು ಹೆಚ್ಚು ಸಲ ಹೇಳುವ ಮಾತು ಅದೇ. ಆ ವಯಸ್ಸಿನ ಮಕ್ಕಳಿಗೆ ಬಾಯಿ ಬಿಡುವುದೆಂದರೆ ಪ್ರಾಣಸಂಕಟ. ಹುಡುಗಿಯರು ಹಲ್ಲಿನ ಕ್ಲಿಪ್ ಕಾಣಬಾರದೆಂದು ತುಟಿ ಬಿಗಿಯುತ್ತಾರೆ. ಹುಡುಗರಿಗೆ ಕಂಠ ಒಡೆಯುವ ಕಾಲ. ಮಾಳಿಗೆಯ ಮೇಲೆ ಹಾಡುತ್ತಿದ್ದವನು ಹಲಗೆ ಮುರಿದಂತೆ ನೆಲಮಾಳಿಗೆಗೆ ಬೀಳುತ್ತಾನೆ. ಬಿದ್ದವನನ್ನು ಉಳಿದವರು ನೋಡಿ ನಗುತ್ತಾರೆ. ಮರುವಾರ ನಕ್ಕವನೇ ಬೀಳುತ್ತಾನೆ.

"ಹಿಂದಿನ ಸಾಲಿನವರಿಗೆ ಸುಮ್ನೆ ತುಟಿ ಅಲ್ಲಾಡ್ಸೋಕೆ ಹೇಳಿ. ಹಾಡು ಉಳಿಯುತ್ತೆ," ಎಂದ ಅವನು ಒಂದು ದಿನ.

"ನನ್ನ ಕೋರಸ್‌ನಲ್ಲಿ ಯಾರೂ ಬರೀ ತುಟಿ ಅಲ್ಲಾಡ್ಸಲ್ಲ."

"ಅದು ಕೇಳಿಸ್ತಾ ಇದೆ."

"ಕೇಳಿಸ್ಲಿ ಅಂತಾನೇ ಹಾಡಿಸೋದು. ನಿಮ್ಮ ಕಾಲೇಜಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?"

"ಇಲ್ಲ. ನಿಮ್ಮ ಸಂಜೆ ಕ್ಲಾಸಲ್ಲಿ ಹೇಳ್ಕೊಟ್ರಾ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ತಾಗಿದ್ದು ಅವನಿಗೂ ಕಂಡಿರಬೇಕು, ಕೀಬೋರ್ಡಿನತ್ತ ತಿರುಗಿಕೊಂಡ. ನಾನು ಹಲಗೆ ಒರೆಸಿದೆ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

ಇನ್ನೊಂದು ರಗಳೆ ಶುರುವಾದದ್ದು ಕೈಯ ವಿಷಯಕ್ಕೆ. ನಾನು ಕೈ ಎತ್ತಿ ಇಳಿಸಿದಾಗ ಹಾಡು ಶುರುವಾಗಬೇಕು. ಅವನು ನನ್ನ ಕೈಯನ್ನು ನೋಡುತ್ತಲೇ ಇರಲಿಲ್ಲ.

"ಇಲ್ಲಿ ನೋಡಿ ನುಡಿಸಿ," ಎಂದೆ.

"ನಿಮ್ಮ ಕೈ ಸುಳ್ಳು ಹೇಳುತ್ತೆ. ಒಂದೊಂದ್ಸಲ ಒಂದೊಂದು ಥರ ಬೀಳುತ್ತೆ. ನಾನು ನಿಮ್ಮ ಉಸಿರು ನೋಡ್ತೀನಿ."

"ಏನಂದ್ರಿ?"

"ಉಸಿರು. ಹಾಡೋಕೆ ಮುಂಚೆ ಭುಜ ಒಂದು ಚೂರು ಮೇಲೆ ಹೋಗುತ್ತಲ್ಲ. ಅದು ಯಾವತ್ತೂ ತಪ್ಪಲ್ಲ. ಆ ಶಾಲು ಮಾತ್ರ ಅಡ್ಡ ಬರ್ತಿದೆ."

ಮುಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು ಹೊರಟಿತು. ನಾನು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ. ಅವತ್ತಿನಿಂದ ಉಸಿರೆಳೆಯುವುದು ಅಷ್ಟು ಸುಲಭದ ಕೆಲಸವಾಗಿ ಉಳಿಯಲಿಲ್ಲ. ಎಳೆದಾಗೆಲ್ಲ ಕೋಣೆಯ ಆ ಮೂಲೆಯಿಂದ ಎರಡು ಕಣ್ಣು ಬಂದು ನನ್ನ ಭುಜದ ಮೇಲೆ ಕೂತದ್ದು ತಿಳಿಯುತ್ತಿತ್ತು. ಹಾಡು ಮಾತ್ರ ಸರಿಯಾದ ಹೊತ್ತಿಗೇ ಶುರುವಾಗುತ್ತಿತ್ತು. ಅದೇ ನನಗೆ ಇನ್ನೂ ಉರಿ.

ಶಾಲೆಯಲ್ಲಿ ಯಾರಿಗೂ ಹೇಳದ ಒಂದು ಮಾತಿತ್ತು. ನನ್ನ ಗಂಟಲು ಕೈಕೊಡುತ್ತಿತ್ತು. ಬೆಳಗಿನಿಂದ ಒಂದಾದ ಮೇಲೊಂದು ಕ್ಲಾಸು, ಗಲಾಟೆಯ ಮೇಲೆ ಗಟ್ಟಿಯಾಗಿ ಹಾಡಿ ತೋರಿಸುವುದು. ಸಂಜೆಗೆ ಧ್ವನಿ ಮರಳು ಕಾಗದ ಉಜ್ಜಿದಂತಾಗುತ್ತಿತ್ತು. ನಾವು ಅಭ್ಯಾಸ ಮಾಡುತ್ತಿದ್ದ ಹಾಡಿನಲ್ಲಿ, ಗಾಳಿಯೇ ನನ್ನ ಪಟವನ್ನು ಮೇಲೆ ಒಯ್ಯು ಎಂಬ ಸಾಲಿದೆ. 'ಮೇಲೆ' ಎಂಬಲ್ಲೇ ಅತ್ಯಂತ ಎತ್ತರದ ಸ್ವರ. ಅದನ್ನು ಹಾಡುವಾಗ ನಾನು ಬೇಕೆಂದೇ ಹಲಗೆಯತ್ತ ತಿರುಗಿ ಕೆಮ್ಮುತ್ತಿದ್ದೆ. ಹಾಡಲಾಗದ ಟೀಚರಿಗೆ ಕಾಯಂ ಹುದ್ದೆ ಯಾರು ಕೊಡುತ್ತಾರೆ?

"ಡಾಕ್ಟರ ಹತ್ರ ಹೋಗೇ," ಎಂದಳು ಅಕ್ಕ.

"ಹೋದ್ರೆ ಮಾತಾಡಬೇಡ ಅಂತಾರೆ. ಮಾತಾಡದೆ ಪಾಠ ಹೇಗೆ ಮಾಡ್ಲಿ?"

"ಮಾತಾಡಿದ್ದು ಸಾಕು ಅಂತ ನಾನೂ ಹೇಳ್ತಾನೇ ಇದೀನಿ, ಚಿಕ್ಕ ವಯಸ್ಸಿಂದ."

ಆಮೇಲೆ, ಹೇಗೋ ಏನೋ, ಗಂಟಲು ಸುಧಾರಿಸಿತು. ಒಂದು ಮಧ್ಯಾಹ್ನ 'ಮೇಲೆ' ಎಂಬ ಸ್ವರ ಕೆಮ್ಮಿಲ್ಲದೆ ಬಂತು. ಮುಂದಿನ ವಾರ ಇನ್ನೂ ಹಗುರಾಗಿ ಬಂತು. ಹಿಂದಿನ ಸಾಲಿನ ಹುಡುಗರೂ ನೆಲಮಾಳಿಗೆಗೆ ಬೀಳುವುದು ಕಡಿಮೆಯಾಯಿತು. ನನ್ನ ಕಸರತ್ತಿನ ಫಲವೆಂದು ಬೀಗಿದೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೈ ಬೀಸುತ್ತ ವರದಿ ಒಪ್ಪಿಸಿದೆ.

"ಆ ಗಂಟುಮೋರೆ ಬಂದ್ಮೇಲೆ ಗಂಟಲು ಬಿಟ್ಕೊಳ್ತು ಅನ್ನು," ಎಂದಳು ಅಕ್ಕ.

"ಅವನಿಗೂ ಇದಕ್ಕೂ ಏನೇ ಸಂಬಂಧ?"

"ನಂಗೇನು ಗೊತ್ತು? ದಿನಾ ಅವನನ್ನ ಬೈಯೋಕೆ ನೀನು ತಗೊಳ್ಳೋ ಹೊತ್ತು ನೋಡಿ ಹೇಳ್ದೆ."

ಅದೇ ದಿನಗಳಲ್ಲಿ ಸ್ವಿಚ್ಚಿನ ಜಗಳ ಶುರುವಾದದ್ದು. ಮನೆಗೆ ಹೋಗುವಾಗ ಅವನು ಕೀಬೋರ್ಡನ್ನು ಆಫ್ ಮಾಡುತ್ತಿರಲಿಲ್ಲ. ಬೆಳಗಿನ ಕ್ಲಾಸುಗಳಿಗೆ ಅದನ್ನು ಒಂದು ಕೈಯಲ್ಲಿ ನುಡಿಸುವವಳು ನಾನು. ಬಂದು ನೋಡಿದರೆ ರಾತ್ರಿಯಿಡೀ ಆನ್ ಆಗಿಯೇ ಇರುತ್ತಿತ್ತು. ಕೇಳಿದರೆ, "ಆಫ್ ಮಾಡಿದ್ರೆ ಸೌಂಡ್ ಕೆಡುತ್ತೆ," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮರುದಿನ ಕೀಬೋರ್ಡಿನ ಪುಟ್ಟ ಪರದೆಯ ಮೇಲೆ ಒಂದು ಚೀಟಿ ಅಂಟಿತ್ತು: ಆಫ್ ಮಾಡಬೇಡಿ.

ನನ್ನ ಕೋಣೆಯಲ್ಲಿ ನನಗೇ ಬೋರ್ಡು.

ಹೆಡ್‌ಮೇಡಂ ನನ್ನ ಕ್ಲಾಸಿನಲ್ಲಿ ಕೂತು ನೋಡುವ ದಿನ ಗೊತ್ತಾಯಿತು. ಅದೇ ಹೊತ್ತಿಗೆ ಆಫೀಸಿನಲ್ಲಿ ಆಡಳಿತ ಮಂಡಳಿಯ ಸೆಕ್ರೆಟರಿಯವರು ಅವನ ಸಂದರ್ಶನ ಮಾಡುತ್ತಾರಂತೆ. ಹಿಂದಿನ ಸಂಜೆ ಅವನು ಹೋದ ಮೇಲೆ ಕೋಣೆಗೆ ಬೀಗ ಹಾಕಲು ಬಂದೆ. ಕೀಬೋರ್ಡಿನ ಕೆಂಪು ದೀಪ ಉರಿಯುತ್ತಿತ್ತು. ಚೀಟಿಯನ್ನು ಒಮ್ಮೆ ನೋಡಿ, ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿದೆ. ಎಂಥದೋ ಸಮಾಧಾನವಾಯಿತು.

ಮರುದಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಮೊದಲು ಚಪ್ಪಾಳೆಯ ತಾಳ, ಚೆನ್ನಾಗಿಯೇ ಆಯಿತು. ಆಮೇಲೆ ಹಾಡು. ಕೀಬೋರ್ಡಿನಲ್ಲಿ ಮೊದಲ ಸ್ವರ ಕೊಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ಬಿಗಿಯಾಗಿದೆ ಎಂದು ನನಗೂ ಅನ್ನಿಸಿತು. ಹೆದರಿಕೆಯಿಂದ ಇರಬೇಕೆಂದು ಮುಂದುವರಿದೆ. 'ಮೇಲೆ' ಬಂತು. ನಾನು ಬಾಯಿ ತೆರೆದೆ. ಸ್ವರದ ಬದಲು ಬರೀ ಗಾಳಿ ಹೊರಬಂತು, ಆ ಗಾಳಿಯ ಹಿಂದೆ ಒಂದು ಕೀರಲು. ಹಿಂದಿನ ಸಾಲು ಪೂರ್ತಿ ಕುಸಿದುಬಿತ್ತು. ಮುಂದಿನ ಸಾಲಿನವರು ಹಾಡು ನಿಲ್ಲಿಸಿ ನನ್ನನ್ನೇ ನೋಡಿದರು. ಮೇಡಂ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳತೊಡಗಿದರು. ಅವರು ಬೈದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ.

ಸಂದರ್ಶನ ಮುಗಿಸಿ ಅವನು ಬಂದಾಗ ಕೋಣೆ ಖಾಲಿಯಿತ್ತು. ನಾನು ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆ.

"ಏನಾಯ್ತು?"

"ಏನಾಗಬೇಕು ಅಂತ ಮಾಡಿದ್ರೋ ಅದೇ ಆಯ್ತು. ಕೀಬೋರ್ಡಿಗೆ ಏನು ಮಾಡಿದ್ರಿ? ಶ್ರುತಿ ಮೇಲೆತ್ತಿಟ್ಟು ಹೋಗಿದ್ರಿ ಅಲ್ವಾ?"

ಅವನು ಗೋಡೆಯ ಸ್ವಿಚ್ಚು ನೋಡಿದ. ಮುಖದ ಬಣ್ಣ ಇಳಿದುಹೋಯಿತು.

"ಆಫ್ ಮಾಡಿದ್ರಾ?"

"ಮಾಡ್ದೆ. ನನ್ನ ಕೋಣೆ, ನಾನು ಮಾಡ್ದೆ."

"ನಾನು ಎತ್ತಿಲ್ಲ," ಎಂದ ನಿಧಾನವಾಗಿ. "ಇಳಿಸಿದ್ದೆ."

ಅಲ್ಲೊಂದು ಗುಂಡಿಯಿದೆ. ಒತ್ತಿದರೆ, ಬೆರಳು ಅದೇ ಕೀ ಮೇಲಿದ್ದರೂ ಸದ್ದು ಅರ್ಧ ಸ್ವರ ಕೆಳಗಿನಿಂದ ಬರುತ್ತದೆ. ಮತ್ತೆ ಒತ್ತಿದರೆ ಇನ್ನರ್ಧ. ಆಫ್ ಮಾಡಿದರೆ ಎಲ್ಲವೂ ಮೊದಲಿದ್ದಲ್ಲಿಗೆ ಹೋಗುತ್ತದೆ. ಅವನು ಅದನ್ನು ಕೆಲವು ವಾರಗಳಿಂದ ಒತ್ತುತ್ತ ಬಂದಿದ್ದ. ಒಮ್ಮೆಲೇ ಅಲ್ಲ, ಯಾರಿಗೂ ತಿಳಿಯದ ಹಾಗೆ, ಅರ್ಧರ್ಧವಾಗಿ. ಎಷ್ಟು ಇಳಿದಿದೆಯೆಂದು ತೋರಿಸುವ ಅಂಕಿ ಕಾಣದಿರಲೆಂದು ಪರದೆಯ ಮೇಲೆ ಚೀಟಿ ಅಂಟಿಸಿದ್ದ.

ವಾಸಿಯಾಗಿದ್ದು ನನ್ನ ಗಂಟಲಲ್ಲ. ಅವನು ಏಣಿಯನ್ನೇ ಗಿಡ್ಡ ಮಾಡಿ ನನ್ನನ್ನು ಹತ್ತಿಸಿದ್ದ.

"ಯಾರು ಕೇಳಿದ್ರು ನಿಮ್ಮನ್ನ?" ನನ್ನ ಧ್ವನಿ ಗೊಗ್ಗರವಾಗಿ ಹೊರಟಿತು. "ಧ್ವನಿ ವಾಪಸ್ ಬಂತು ಅಂತ ನಾನು ಮನೆಯೆಲ್ಲ ಕುಣಿದಿದೀನಿ. ನೀವಿಲ್ಲಿ ಕೂತ್ಕೊಂಡು ಅಯ್ಯೋ ಪಾಪ ಅಂತಿದ್ರಿ."

"ಪಾಪ ಅನ್ಲಿಲ್ಲ. ಮೊದಲನೇ ದಿನಾನೇ ಕೇಳಿಸ್ತು, ಗಂಟಲಲ್ಲಿ ಏನೋ ಇದೆ ಅಂತ. ಆ ಸ್ವರ ಬಂದಾಗೆಲ್ಲ ತಿರುಗಿ ಕೆಮ್ತಿದ್ರಿ. ನಂಗೆ ಕೂತಲ್ಲಿ ಕೂರೋಕಾಗ್ತಿರಲಿಲ್ಲ."

"ಹೇಳಬಹುದಿತ್ತು."

"ಹೇಳಿದ್ರೆ ಕೇಳ್ತಿದ್ರಾ? ಶಾಲು ಅಡ್ಡ ಬರ್ತಿದೆ ಅಂದಿದ್ದಕ್ಕೆ ಇನ್ನೊಂದು ಸುತ್ತು ಸುತ್ಕೊಂಡ್ರಿ."

"ನನ್ನ ಗಂಟಲು ಹಾಳಾದ್ರೆ ನಿಮಗೇ ಒಳ್ಳೇದಿತ್ತಲ್ಲ. ಹುದ್ದೆ ಒಂದೇ ಇರೋದು."

"ಹೌದು," ಎಂದ. ಹುಬ್ಬು ಗಂಟಿಕ್ಕಿತ್ತು, ಯಾರ ಮೇಲೋ ಸಿಟ್ಟು ಬಂದವನಂತೆ. "ಅದೇ ನಂಗೂ ಅರ್ಥ ಆಗ್ತಿಲ್ಲ."

ನಾನು ಕೈಲಿದ್ದ ಕುರ್ಚಿಯನ್ನು ಸದ್ದಾಗುವಂತೆ ಇಟ್ಟು ಹೊರಟುಬಿಟ್ಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಸಂಗೀತದ ಟೀಚರು ನಾನು, ಶ್ರುತಿ ಇಳಿದದ್ದು ನನ್ನ ಕಿವಿಗೆ ಬೀಳಲಿಲ್ಲವಲ್ಲ. ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ನನ್ನ ಕೆಮ್ಮನ್ನು ಇಷ್ಟು ಕಿವಿಗೊಟ್ಟು ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಅದನ್ನು ಯೋಚಿಸಲೇಬಾರದೆಂದು ತೀರ್ಮಾನಿಸಿದೆ. ಮನೆ ತಲುಪುವವರೆಗೂ ಅದನ್ನೇ ಯೋಚಿಸಿದೆ.

ಮರುದಿನ ಅಕ್ಕ ನನ್ನನ್ನು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಧ್ವನಿತಂತುವಿನ ಮೇಲೆ ಪುಟ್ಟ ಗಂಟು. ವಾಸಿಯಾಗುತ್ತದೆ, ಆದರೆ ಕೆಲವು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು. "ಒಂದೇ ಒಂದು ಮಾತು ಆಡಿ ಬರ್ತೀನಿ, ಇವತ್ತಿಗೆ ಮಾತ್ರ," ಎಂದು ಡಾಕ್ಟರನ್ನು ಬೇಡಿಕೊಂಡು ನೇರ ಹೆಡ್‌ಮೇಡಂ ಹತ್ತಿರ ಹೋದೆ.

ಗಂಟಲಿನ ವಿಷಯ ಹೇಳಿದೆ. ಹಾಡಿನ ಶ್ರುತಿ ಮಕ್ಕಳಿಗೂ ನನಗೂ ಎತ್ತರವಾಗಿತ್ತು, ಅದನ್ನು ನೋಡಿಕೊಳ್ಳಬೇಕಾದವಳು ನಾನು, ನೋಡಿಕೊಳ್ಳಲಿಲ್ಲ ಎಂದೂ ಹೇಳಿದೆ. ಇನ್ನೊಂದು ಸಲ ಕ್ಲಾಸು ನೋಡಿ ಎಂದು ಕೇಳಿದೆ.

"ಮಾತೇ ಆಡದೆ ಪಾಠ ಮಾಡ್ತೀಯೇನಮ್ಮ?"

"ಮಾಡಿ ನೋಡ್ತೀನಿ ಮೇಡಂ."

ಮೇಡಂ ಕ್ಯಾಲೆಂಡರ್ ನೋಡಿದರು. ಸೋಮವಾರ ಬರುತ್ತೇನೆಂದರು.

ಸೋಮವಾರ ಅವನು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ. ವಿಷಯ ಅವನಿಗೂ ತಿಳಿದಿತ್ತು. ಮೇಡಂ ಮುಂದೆ, ಮಕ್ಕಳೆಲ್ಲರ ಮುಂದೆ, ಗಟ್ಟಿಯಾಗಿಯೇ ಕೇಳಿದ:

"ಮಿಸ್, ಶ್ರುತಿ ಎಲ್ಲಿಡ್ಲಿ?"

ಅಷ್ಟು ದಿನಗಳಲ್ಲಿ ಅವನು ನನ್ನನ್ನು ಏನನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು. ನಾನು ಹೋಗಿ ಚೀಟಿಯನ್ನು ಕಿತ್ತೆ, ಗುಂಡಿಯನ್ನು ನಾನೇ ಒತ್ತಿದೆ. ಒತ್ತಿ, ಸ್ವರ ನುಡಿಸಿ, ಕಿವಿಗೊಟ್ಟು ಕೇಳಿದೆ. ಹಿಂದಿನ ಸಾಲಿನತ್ತ ಹುಬ್ಬು ಹಾರಿಸಿದೆ: ಸಾಕಾ? "ಇನ್ನೊಂದು ಚೂರು ಕೆಳಗೆ ಮಿಸ್," ಎಂದಿತು ಒಂದು ಒಡಕು ಕಂಠ. ಇನ್ನೊಂದು ಚೂರು ಇಳಿಸಿದೆ. ಅವನು ಇಳಿಸಿದ್ದಕ್ಕಿಂತಲೂ ಅರ್ಧ ಸ್ವರ ಕೆಳಗೆ ಬಂದು ನಿಂತಿತು. ಅವನ ಕಡೆ ನೋಡಿದೆ. ಸೋತವನಂತೆ ತಲೆ ಬಾಗಿಸಿದ. ಆದರೆ ಸೋತವರ ಬಾಯಿಯ ಅಂಚು ಹಾಗೆ ಮೇಲೇಳುವುದಿಲ್ಲ.

ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ಉಸಿರೆಳೆದೆ.

ನನ್ನ ಧ್ವನಿಯ ಆಸರೆ ಇಲ್ಲವೆಂದು ಗೊತ್ತಾಗಿ ಮಕ್ಕಳು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಹಲ್ಲಿನ ಕ್ಲಿಪ್ಪಿನ ಹುಡುಗಿಯೊಬ್ಬಳು ಬಾಯಿ ಪೂರ್ತಿ ತೆರೆದಳು, ಅವಳ ಪಕ್ಕದವಳೂ ತೆರೆದಳು. ನಾನು ಕೈಯಿಂದ, ಕಣ್ಣಿಂದ, ಒಮ್ಮೆಯಂತೂ ಮೊಣಕಾಲಿಂದ ಅವರನ್ನು ನಡೆಸಿದೆ. 'ಮೇಲೆ' ಬಂದಾಗ ಹಿಂದಿನ ಸಾಲು ಬೀಳಲಿಲ್ಲ. ಹುಡುಗರಿಗೆ ತಮ್ಮದೇ ಹೊಸ ಕಂಠ ಕೇಳಿಸಿ, ಇದು ಯಾರದಪ್ಪಾ ಎಂಬಂತೆ ಕಣ್ಣರಳಿತು. ಇಷ್ಟು ದಿನ ನಾನು ಅವರ ಧ್ವನಿ ಮುಚ್ಚಿಹೋಗುವಂತೆ ಹಾಡುತ್ತಿದ್ದೆನೆಂದು ಅವತ್ತೇ ನನಗೆ ಗೊತ್ತಾದದ್ದು.

ಕ್ಲಾಸು ಮುಗಿದ ಮೇಲೆ ಮೇಡಂ ಕಾರಿಡಾರಿನಲ್ಲಿ ನನ್ನ ಬೆನ್ನು ತಟ್ಟಿದರು. "ಗಂಟಲು ವಾಸಿ ಮಾಡ್ಕೊಂಡು ಬಾ. ಹುದ್ದೆ ನಿಂದೇ. ಆ ಮನುಷ್ಯನೂ ಸಂದರ್ಶನದಲ್ಲಿ ಅದನ್ನೇ ಹೇಳಿದ್ದನಂತೆ. ನುಡಿಸೋದು ಬರುತ್ತೆ, ಮಕ್ಕಳ ಬಾಯಿ ಬಿಡಿಸೋದು ಬರಲ್ಲ ಅಂತ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ ಸಿಟ್ಟು ಬಂತು. ದಡದಡನೆ ಕೋಣೆಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ಅವನ ಮುಂದೆ ನಿಂತೆ.

ಅವನು ನನ್ನ ಮುಖ ನೋಡಿದ, ಹಾಳೆ ನೋಡಿ ನುಡಿಸುವವನಂತೆ, ಸಾಲು ಸಾಲಾಗಿ.

"ಗೊತ್ತಾಯ್ತು. ತ್ಯಾಗ ಮಾಡ್ದೆ ಅಂತ ತಾನೆ? ಇಲ್ಲ. ನಾನು ಸೆಕ್ರೆಟರಿ ಹತ್ರ ಹಾಗೆ ಹೇಳುವಾಗ ನಿಮ್ಮ ಕ್ಲಾಸು ಕೆಟ್ಟಿರೋದು ನಂಗೆ ಗೊತ್ತೇ ಇರಲಿಲ್ಲ. ಇದ್ದದ್ದು ಹೇಳ್ದೆ. ನಾನಾಗಿದ್ರೆ ಹಿಂದಿನ ಸಾಲಿಗೆ ತುಟಿ ಅಲ್ಲಾಡ್ಸೋಕೆ ಹೇಳಿರ್ತಿದ್ದೆ."

ನಾನು ಹುಬ್ಬು ಗಂಟಿಕ್ಕಿದೆ.

"ಈಗ 'ಹಾಗಾದ್ರೆ ನೀವೇನು ಮಾಡ್ತೀರಿ' ಅಂತ ಕೇಳ್ತಿದೀರಾ? ಅರ್ಧ ದಿನ ಇಲ್ಲೇ ಇರ್ತೀನಿ. ಇನ್ನರ್ಧ ದಿನಕ್ಕೆ ಬೇರೆ ಶಾಲೆ ನೋಡ್ಕೋತೀನಿ."

ಇನ್ನೂ ಗಂಟಿಕ್ಕಿದೆ.

"ಸಂಜೆ ಕ್ಲಾಸಿನ ಮಾತು ಆಡಬಾರದಿತ್ತು. ಅವತ್ತಿಂದ ಅದು ನನ್ನೊಳಗೆ ಚುಚ್ತಾನೇ ಇದೆ. ಅವತ್ತೇ ತಿರುಗಿ ಬೈದಿದ್ರೆ ಸಾಕಿತ್ತು, ಹಗುರಾಗ್ತಿದ್ದೆ. ನೀವು ಸುಮ್ನೆ ಖಾಲಿ ಹಲಗೆ ಒರೆಸಿದ್ರಿ."

ಕಿಟಕಿಯ ಬಿಸಿಲು ಅವನ ಕೈಗಳ ಮೇಲೆ ಬಿದ್ದಿತ್ತು. ಕೈಗಳು ಕೀಬೋರ್ಡಿನ ಮೇಲಿದ್ದರೂ ಏನನ್ನೂ ನುಡಿಸುತ್ತಿರಲಿಲ್ಲ.

"ಇನ್ನೊಂದು ಮಾತಿದೆ. ನೀವು ತಿರುಗಿ ಬೈಯೋಕಾಗದೆ ಇರುವಾಗ ಹೇಳೋದು ಮೋಸ. ಆದ್ರೂ ಹೇಳ್ತೀನಿ, ಇಲ್ದಿದ್ರೆ ಧೈರ್ಯ ಬರಲ್ಲ." ಅವನು ನೆಲ ನೋಡಿದ, ಆಮೇಲೆ ನನ್ನನ್ನು. "ದಿನಾ ನೀವು ಉಸಿರು ತಗೊಳ್ಳೋದು ನೋಡಿ ನೋಡಿ, ನೀವಿಲ್ಲದ ಕಡೆ ನಂಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಗೊತ್ತಾಗಲ್ಲ. ನಿಮ್ಮನ್ನ ಮದುವೆ ಆಗಬೇಕು ಅಂತಿದೀನಿ. ನಿಮಗೆ ಇಷ್ಟ ಇದ್ರೆ. ಯೋಚನೆ ಮಾಡಿ. ಬೇಕಾದಷ್ಟು ದಿನ ತಗೊಳ್ಳಿ."

ಯೋಚನೆ ಮಾಡಬೇಕೆಂದೇ ಇದ್ದೆ. ಯಾವ ಕೆಲಸವನ್ನೂ ಹತ್ತು ಸಲ ಯೋಚಿಸದೆ ಮಾಡಿದವಳಲ್ಲ ನಾನು.

"ಹೂಂ," ಎಂದೆ.

ಅವನು ಹಾವು ತುಳಿದವನಂತೆ ಸ್ಟೂಲಿನಿಂದ ಎದ್ದ.

"ಮಾತಾಡಬಾರದು ಅಂತ ಡಾಕ್ಟರು ಹೇಳಿಲ್ವಾ ನಿಮಗೆ? ಪಿಸುಮಾತೂ ಬೇಡ ಅಂದಿದಾರಂತೆ. ಹೂಂ ಅಂದ್ರೂ ತಂತು ಅಲ್ಲಾಡುತ್ತೆ, ಗೊತ್ತಾ? ಒಂದು ದಿನ ಬಾಯಿ ಮುಚ್ಕೊಂಡಿರೋಕಾಗಲ್ವಾ?" ತಟ್ಟನೆ ಬೈಯುವುದು ನಿಲ್ಲಿಸಿದ. ಧ್ವನಿ ಇಳಿಯಿತು. "ಒಂದ್ನಿಮಿಷ. ಅದು ಆಯ್ತು ಅನ್ನೋ ಹೂಂನಾ? ಅಥ್ವಾ, ಇರು ನಿನ್ನ ನೋಡ್ಕೋತೀನಿ ಅನ್ನೋ ಹೂಂನಾ?"

ನಾನು ಮತ್ತೆ ಬಾಯಿ ತೆರೆದೆ.

"ಬೇಡ ಬೇಡ, ಹೇಳಬೇಡಿ. ಸುಮ್ನಿರಿ."

ಎಷ್ಟು ಬಿಗಿದರೂ ನನ್ನ ಮುಖ ನನ್ನ ಮಾತು ಕೇಳಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಅವನ ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತೆ. ಅವನೂ ಕೂತ. ಡಾಕ್ಟರ ಮಾತು ಕೇಳದವರ ಗಂಟಲಿಗೆ ಏನೇನಾಗುತ್ತದೆಂದು ಇನ್ನೂ ಬೈಯುತ್ತಲೇ ಇದ್ದ. ಮೊಣಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.